ಕೊಳವೆಯ ಮೇಲಿನ ಬಿಳಿ ಕಲೆ

ಬಳೆಗೆ ಚಮಚ ತಾಗಿದಂಥ ಒಂದು ಸಣ್ಣ ಸದ್ದು. ರಾತ್ರಿ ಎರಡು ಗಂಟೆ. ಕುಲುಮೆ ಆರುತ್ತಿತ್ತು. ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಸಂಶೋಧಕಿ ಎದ್ದು ಓಡಿದಳು. ಒಳಗಿನ ಗಾಜಿನಂಥ ಕ್ವಾರ್ಟ್ಜ್ ಕೊಳವೆ ಬಿರುಕು ಬಿಟ್ಟಿತ್ತು.

ಕೊಳವೆಯೊಳಗೆ ಇಟ್ಟಿಗೆ ಬಣ್ಣದ ಪುಡಿ ಇತ್ತು. ಅದರ ಒಂದೊಂದು ಕಣ ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲು. ಹೊಸ ಕಟ್ಟಡದ ಚಾವಣಿ ಹಾಸುಗಳಿಗೆ ಅದನ್ನು ತೆಳುವಾಗಿ ಬಳಿದರೆ, ಬಿಸಿಲು ಬಿದ್ದಾಗ ಅದು ನೀರನ್ನು ಒಡೆದು ಉರಿಯುವ ಅನಿಲ ಕೊಡಬೇಕು. ಬಿಸಿ ಇರುವಾಗಲೇ ಗಾಳಿ ನುಗ್ಗಿದ ಮೇಲೆ ಆ ಪುಡಿಯನ್ನು ನಂಬುವಂತಿರಲಿಲ್ಲ.

ಪುಡಿ ಹೋದರೆ ಇನ್ನೊಮ್ಮೆ ಮಾಡಬಹುದು. ಆದರೆ ಪ್ರಯೋಗಾಲಯ ನಡೆಸುತ್ತಿದ್ದ ಅವಳ ಮೇಷ್ಟ್ರು ಆ ವಾರವೇ ನಿವೃತ್ತರಾಗುವವರು; ಕುಲುಮೆಯ ಕೋಣೆಯ ಹೊಣೆ ಯಾರಿಗೆಂದು ಬೆಳಗ್ಗೆ ಬರೆದುಕೊಡುವವರಿದ್ದರು. ಹನ್ನೆರಡು ವರ್ಷ ಅವಳು ಕಾದಿದ್ದು ಆ ಒಂದು ಸಾಲಿಗೆ.

ಬೆಳಕು ಹರಿಯುವ ಹೊತ್ತಿಗೆ ಕೊಳವೆ ತಣಿಯಿತು. ಹೊರತೆಗೆದು ದೀಪಕ್ಕೆ ಹಿಡಿದಳು. ಬಿರುಕು ಹೊರಟಿದ್ದು ಹೆಬ್ಬೆರಳಗಲದ ಒಂದು ಬಿಳಿ ಕಲೆಯಿಂದ. ಬರಿಗೈಯ ಬೆವರಿನ ಉಪ್ಪು ಸಾವಿರ ಡಿಗ್ರಿಯಲ್ಲಿ ಕ್ವಾರ್ಟ್ಜನ್ನು ಕೆಡಿಸುತ್ತದೆ, ಆರುವಾಗ ಅಲ್ಲೇ ಸೀಳುತ್ತದೆ. ಮೊದಲ ದಿನ ಮೇಷ್ಟ್ರು ಕಲಿಸಿದ ಮೊದಲ ಪಾಠವೇ ಅದು. ನಾನೇ ಮುಟ್ಟಿದೆನೇ ಎಂದುಕೊಂಡಳು. ಕಲೆಯ ಪಕ್ಕಕ್ಕೆ ತನ್ನ ಹೆಬ್ಬೆರಳು ಹಿಡಿದು ನೋಡಿದಳು. ಕಲೆ ದೊಡ್ಡದಿತ್ತು, ನಡುವೆ ಓರೆಯಾಗಿ ಒಂದು ಸ್ವಚ್ಛ ಗೆರೆ. ಹಿಂದೆಂದೋ ಗಾಜು ಕುಯ್ದು ಗಾಯದ ಗೆರೆ ಉಳಿದಿದ್ದ ಮೇಷ್ಟ್ರ ಹೆಬ್ಬೆರಳನ್ನು ಕಪ್ಪುಹಲಗೆಯ ಮುಂದೆ ಎಷ್ಟು ಸಲ ನೋಡಿದ್ದಳೋ.

ಹಿಂದಿನ ಸಂಜೆ ಅವಳ ಮಣಿಕಟ್ಟು ನೋಯುತ್ತಿತ್ತು. ನೀರು ಕುಡಿದು ಬರುವಷ್ಟರಲ್ಲಿ ಕೊಳವೆ ಕುಲುಮೆಯೊಳಗಿತ್ತು. "ನಿನಗ್ಯಾಕಮ್ಮ ಕಷ್ಟ, ನಾನೇ ಇಟ್ಟೆ" ಎಂದಿದ್ದರು ಮೇಷ್ಟ್ರು. ಕೈಗವಸುಗಳು ಮಡಿಕೆ ಬಿಚ್ಚದೆ ಡಬ್ಬದಲ್ಲೇ ಇದ್ದವು.

ಒಂಬತ್ತಕ್ಕೆ ಮೇಷ್ಟ್ರು ಬಂದರು. ಹಿಂದೆಯೇ ಪ್ರಯೋಗಾಲಯದ ಸಹಾಯಕಿ. ಮೇಷ್ಟ್ರು ಕನ್ನಡಕ ಹಣೆಗೇರಿಸಿ ಬಿರುಕನ್ನು ಮಾತ್ರ ನೋಡಿದರು. ಹಿಂದಿನ ಸಂಜೆ ಕೊಳವೆ ಇಟ್ಟಿದ್ದು ತಾವೇ ಎಂಬುದು ಅವರಿಗೆ ನೆನಪಿದ್ದಂತಿರಲಿಲ್ಲ.

"ಬರಿಗೈಲಿ ಮುಟ್ಟಿದ್ದು ಯಾರು?"

"ನಾನೇ ಇರಬೇಕು ಸರ್."

"ಇರಬೇಕು ಅಂದ್ರೆ?"

"ನಾನೇ ಸರ್."

"ಹನ್ನೆರಡು ವರ್ಷ ನಾನು ಗೋಡೆಗೆ ಪಾಠ ಮಾಡ್ದೆನಾ?"

ಸಹಾಯಕಿಗೆ ತಡೆಯಲಾಗಲಿಲ್ಲ. "ಸರ್, ಮೇಡಂ ಕನಸಲ್ಲೂ ಕೈಗವಸು ಹಾಕ್ಕೊಳ್ಳೋರು. ಇವರು ಮುಟ್ಟಿದಾರೆ ಅಂದ್ರೆ ನಾನು ನಂಬಲ್ಲ."

"ನೀನು ಸುಮ್ನಿರಮ್ಮ. ಒಪ್ಕೊಂಡ ಮೇಲೆ ಇನ್ನೇನು ವಕಾಲತ್ತು."

ಸಂಶೋಧಕಿ ತಲೆ ತಗ್ಗಿಸಿ ನಿಂತಳು. ಶುಲ್ಕ ಕಟ್ಟಲಾಗದೆ ಕಾಲೇಜು ಬಿಡಲು ಹೊರಟಿದ್ದವಳನ್ನು ಬಾಗಿಲಲ್ಲೇ ತಡೆದಿದ್ದು ಈ ಧ್ವನಿ. ಮೊದಲ ಪ್ರಬಂಧವನ್ನು ಒಂಬತ್ತು ಸಲ ತಿದ್ದಿ, ಹತ್ತನೇ ಸಲ "ಈಗ ಇದು ನಿನ್ನದು" ಎಂದಿದ್ದೂ ಇದೇ. ಕೊನೆಯ ವಾರದಲ್ಲಿ ಈ ಕಲೆ ತಮ್ಮದೆಂದು ಮೇಷ್ಟ್ರಿಗೆ ತಿಳಿದರೆ, ಮೂವತ್ತೈದು ವರ್ಷದ ಕೆಲಸವನ್ನೆಲ್ಲ ಅವರು ಅದರ ಮೂಲಕವೇ ನೋಡಿಯಾರು.

ಮೇಷ್ಟ್ರು ಕುಳಿತು ಬರೆದರು. ಹೊಣೆ ಅವಳಿಗೇ ಬಂತು, ಆದರೆ ಕೆಳಗೊಂದು ಷರತ್ತು: ಒಂದು ವರ್ಷ ಅವಳು ಕುಲುಮೆ ತುಂಬಿದಾಗಲೆಲ್ಲ ಸಹಾಯಕಿ ಕೈ ನೋಡಿ ಸಹಿ ಹಾಕಬೇಕು. ಅವಳ ಕಿವಿ ಬಿಸಿಯಾಯಿತು. "ಆಗಲಿ ಸರ್" ಎಂದಳು.

"ಏನ್ ಗ್ರಹಚಾರ," ಎಂದಳು ಸಹಾಯಕಿ, ಅವರು ಹೋದ ಮೇಲೆ. "ಮಕ್ಕಳಿಗೆ ಊಟಕ್ಕೆ ಮುಂಚೆ ಕೈ ತೋರ್ಸಿ ಅನ್ನೋ ಹಾಗೆ ನಿಮಗೂ ಅನ್ನಬೇಕಾ? ನಿಜ ಹೇಳಿ ಮೇಡಂ, ಯಾರು?"

"ನಾನೇ ಅಕ್ಕ. ನಿದ್ದೆಗಣ್ಣು."

ಸಹಾಯಕಿ ಅವಳ ಮುಖವನ್ನೇ ನೋಡಿದಳು. ಸಂಶೋಧಕಿ ಕಲೆಯಿದ್ದ ತುಂಡನ್ನು ಒಡೆದ ಗಾಜಿನ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದಳು. ಮನೆಯಲ್ಲಿ ಅಮ್ಮನಿಗೂ ಹೇಳುವುದಿಲ್ಲ, ಈ ಅಕ್ಕನಿಗೂ ಇಲ್ಲ. ಮೇಷ್ಟ್ರಿಗಂತೂ ಎಂದೆಂದಿಗೂ ಇಲ್ಲ ಎಂದು ಅಲ್ಲೇ ನಿಶ್ಚಯಿಸಿದಳು.