ಮುಂದಕ್ಕೆಳೆದ ಸೀಟು

ವ್ಯಾನಿನಲ್ಲಿ ಉಳಿದು ಮನೆಗೆ ಬಂದಿದ್ದ ಬ್ರೆಡ್ಡು ಅಡುಗೆಮನೆಯ ಮೇಜಿನ ಮೇಲೆ ಒಣಗಿ, ಗೋಡೆಗೆ ಹೊಡೆದರೆ ಸುಣ್ಣ ಉದುರುವಷ್ಟು ಗಟ್ಟಿಯಾಗಿತ್ತು. ಬ್ರೆಡ್ಡಣ್ಣ ಒಂದು ತುಂಡನ್ನು ಚಹಾದಲ್ಲಿ ಅದ್ದಿದ, ಮರೆತ. ತುಂಡು ಕರಗಿ ಲೋಟದ ತಳ ಸೇರಿತು. ಬೇಕರಿಯ ವ್ಯಾನ್ ಓಡಿಸುವ ಅವನು ಬೀದಿಗೆಲ್ಲ ಬ್ರೆಡ್ಡಣ್ಣ.

"ತಿನ್ನಿ, ಇಲ್ಲಾ ಎದ್ದೇಳಿ," ಎಂದಳು ಹೆಂಡತಿ. "ಲೋಟ ನೋಡ್ತಾ ಕೂತ್ರೆ ಹುಡುಗ ಅದರೊಳಗಿಂದ ಎದ್ದು ಬರಲ್ಲ."

ಹುಡುಗ ಎಂದರೆ ಹದಿನಾರರ ಮಗ, ಬೀದಿಯವರ ಬಾಯಲ್ಲಿ ಡೈಲಾಗ್. ಬಾಯಿ ಬಿಟ್ಟರೆ ಸಿನಿಮಾ. ಹಲ್ಲುಜ್ಜುವ ಬ್ರಷ್ ಕಾಣದಿದ್ದರೂ ಇಂಟರ್ವಲ್ಲಿಗೆ ಮುಂಚಿನ ಗತ್ತಿನಲ್ಲೇ ಕೇಳುವವನು. ಸೈಕಲ್ ಅಂಗಡಿಯವನ ಜೊತೆ ಜಗಳವಾದ ಸಂಜೆಯೂ ಅದೇ ಚಾಳಿಯಲ್ಲಿ ಕಾಲರ್ ಏರಿಸಿ, ಬೀದಿ ತುಂಬ ಜನರೆದುರು, "ನಾಳೆ ಸೂರ್ಯ ಬರ್ತಾನೆ ಅಣ್ಣ. ನೋಡೋಕೆ ನೀನಿರಲ್ಲ," ಎಂದಿದ್ದ. ಜನ ಶಿಳ್ಳೆ ಹೊಡೆದಿದ್ದರು. ಬೆಳಗಾದಾಗ ಸೈಕಲ್ ಅಂಗಡಿಯವನು ತನ್ನ ಅಂಗಡಿಯ ಹಿಂದೆ ತಲೆ ಒಡೆದು ಸತ್ತುಬಿದ್ದಿದ್ದ. ನಸುಕಿನಲ್ಲಿ ಯಾರೋ ಹೊಡೆದು ಕೊಂದಿದ್ದರು. ಶಿಳ್ಳೆ ಹೊಡೆದವರೇ ಹೋಗಿ ಸಾಕ್ಷಿ ಹೇಳಿದರು.

ಆ ಹೊತ್ತಿನಲ್ಲಿ ಎಲ್ಲಿದ್ದೆ ಎಂದು ಪೊಲೀಸರು ಕೇಳಿದ್ದಕ್ಕೆ ಹುಡುಗ "ಮನೇಲಿ ಮಲಗಿದ್ದೆ" ಎಂದ. ಮೇಲಿನ ಮನೆಯ ಮುದುಕರು, ಅವನು ಕತ್ತಲಲ್ಲೇ ಹೊರಗೆ ಹೋದದ್ದನ್ನು ನೋಡಿದ್ದಾಗಿ ಹೇಳಿದರು. ಆ ಒಂದು ಸುಳ್ಳು ಸಾಕಾಯಿತು. ಮಧ್ಯಾಹ್ನದೊಳಗೆ ಅವನನ್ನು ಕರೆದೊಯ್ದು, ಹುಡುಗರನ್ನು ಇಡುವ ಸರ್ಕಾರಿ ಮನೆಯಲ್ಲಿ ಕೂಡಿಹಾಕಿದರು.

ಮೇಜಿನ ಆಚೆ ಭಾವಮೈದ ಕೂತಿದ್ದ. ಕೋರ್ಟಿನ ಹೊರಗೆ ಟೈಪಿಂಗ್ ಮಾಡುವವನು. ವಕೀಲರ ಪಕ್ಕ ಕೂತು ಕೂತು ಅರ್ಧ ವಕೀಲನೇ ಆಗಿದ್ದ.

"ಭಾವ, ಕೇಳಿ. ಅಕ್ಕನಿಗೆ ತಲೆನೋವಿತ್ತು. ಹುಡುಗ ಮಾತ್ರೆ ತರೋಕೆ ಹೋದ, ಅಂಗಡಿ ಮುಚ್ಚಿತ್ತು, ವಾಪಸ್ ಬಂದ. ಮೂರೂ ಜನ ಇದನ್ನೇ ಹೇಳೋಣ."

"ಇನ್ನೊಂದು ಸುಳ್ಳಾ?" ಎಂದಳು ಅವನಕ್ಕ.

"ನಿಜ ಹೇಳಿದ್ರೆ ಏನಾಗುತ್ತೆ ಯೋಚನೆ ಮಾಡಿದೀಯಾ? ಲೈಸೆನ್ಸ್ ಇಲ್ಲದ ಮಗನ ಕೈಗೆ ಗಾಡಿ ಕೊಟ್ಟಿದ್ದಕ್ಕೆ ಭಾವನ ಮೇಲೂ ಕೇಸು. ಕೆಲಸ ಹೋಯ್ತು. ಮಗನ್ನ ಉಳಿಸೋಕೆ ಅಪ್ಪ ಕಥೆ ಕಟ್ತಿದಾನೆ ಅಂತ ಜಡ್ಜ್ ಅಂದ್ರೆ? ಹುಡುಗ ಒಳಗೆ, ನೀವಿಬ್ರೂ ಬೀದೀಲಿ."

ಅವನ ಮಾತಿನಲ್ಲಿ ಹುರುಳಿತ್ತು. ಕಷ್ಟ ಇದ್ದದ್ದೇ ಅಲ್ಲಿ.

ನಿಜ ಇಷ್ಟೇ. ಸಂಜೆ ಬೇಕರಿಯಲ್ಲಿ ತುಂಬಿಸಿಕೊಂಡು ಬಂದ ವ್ಯಾನ್ ರಾತ್ರಿ ಮನೆ ಮುಂದೆ ನಿಲ್ಲುತ್ತಿತ್ತು. ನಸುಕಿಗೇ ಎದ್ದು ಅಂಗಡಿ ಅಂಗಡಿಗೆ ಹಂಚುವುದು ಬ್ರೆಡ್ಡಣ್ಣನ ಕೆಲಸ. ಆದರೆ ಕುಡಿದು ಬಿದ್ದವನನ್ನು ಆ ಹೊತ್ತಿಗೆ ಎಬ್ಬಿಸಲು ಆಗುತ್ತಿರಲಿಲ್ಲ. ಹೆಂಡತಿ ಮಗನನ್ನು ಎಬ್ಬಿಸುತ್ತಿದ್ದಳು. ಮೊದಲು ಯಾವತ್ತೋ ಒಂದು ದಿನ, ಆಮೇಲೆ ಆಗಾಗ, ಆಮೇಲೆ ದಿನಾ. ಮನೆಯಲ್ಲಿ ಯಾರೂ ಅದರ ಮಾತೆತ್ತುತ್ತಿರಲಿಲ್ಲ. ಮಧ್ಯಾಹ್ನ ಬ್ರೆಡ್ಡಣ್ಣ ವ್ಯಾನ್ ಹತ್ತುವಾಗ ಸೀಟು ಮುಂದಕ್ಕೆ ಬಂದಿರುತ್ತಿತ್ತು, ಕುಳ್ಳ ಮಗನ ಕಾಲಳತೆಗೆ. ಅವನು ಕೆಳಗೆ ಕೈಹಾಕಿ, ಹಿಡಿ ಎತ್ತಿ, ಸೀಟನ್ನು ಹಿಂದಕ್ಕೆ ತಳ್ಳಿ ಕೂರುತ್ತಿದ್ದ. ಅದು ಹೇಗೆ ಮುಂದೆ ಬಂತು ಎಂದು ತನ್ನನ್ನೂ ಕೇಳಿಕೊಂಡವನಲ್ಲ. ಪೊಲೀಸರಿಗೆ "ಆವತ್ತು ಓಡಿಸಿದ್ದು ನಾನೇ ಸಾರ್" ಎಂದದ್ದೂ ಅದೇ ಅಭ್ಯಾಸಬಲದಿಂದ.

ಹಿಂದಿನ ದಿನವಷ್ಟೇ ಬ್ರೆಡ್ಡಣ್ಣ ಆ ಸರ್ಕಾರಿ ಮನೆಗೆ ಮಗನನ್ನು ನೋಡಲು ಹೋಗಿದ್ದ. ಯಾರದೋ ದೊಗಳೆ ಅಂಗಿಯೊಳಗೆ ಡೈಲಾಗ್ ಇನ್ನಷ್ಟು ಸಣ್ಣಗೆ ಕಂಡ. ಕಾವಲುಗಾರ ಅತ್ತ ತಿರುಗಿದಾಗ ಮೇಜಿನ ಮೇಲೆ ಬಾಗಿದ.

"ಅಪ್ಪ, ಕಂಟಿನ್ಯುಟಿ ತಪ್ಪಿಸಬೇಡ. ಮೊದಲು ಹೇಳಿದ್ದನ್ನೇ ಹೇಳು. ನಾನು ಮನೇಲಿ ಮಲಗಿದ್ದೆ. ನೀನು ವ್ಯಾನಲ್ಲಿದ್ದೆ. ಅಷ್ಟೇ ಸೀನು."

"ಯಾಕೋ ಹೀಗೆ ಮಾಡ್ತೀಯ?"

"ಹೀರೋ ನೀನಲ್ವಾ." ನಗಲು ನೋಡಿದ, ತುಟಿ ಒಪ್ಪಲಿಲ್ಲ. "ನಿನ್ನ ಕೆಲಸ ಹೋದ್ರೆ ಅಮ್ಮ ಏನ್ ಮಾಡ್ತಾಳೆ ಅಪ್ಪ?"

ಅದನ್ನೆಲ್ಲ ನೆನೆಯುತ್ತ ಕೂತಿದ್ದಾಗ ಫೋನ್ ಬಡಿದುಕೊಂಡಿತು. ಬೇಕರಿ ಮಾಲೀಕ.

"ವ್ಯಾನ್ ತಂದು ಇಲ್ಲಿ ನಿಲ್ಲಿಸಪ್ಪ, ಬೇರೆ ಹುಡುಗ ಓಡಿಸ್ತಾನೆ. ನಿನ್ನ ಕೆಲಸ ಎಲ್ಲೂ ಹೋಗಲ್ಲ. ನಂಗೇನೂ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಬಾಯಿ ಒಂದು ಭದ್ರವಾಗಿರಲಿ."

"ಆಯ್ತು ಸಾರ್," ಎಂದ ಬ್ರೆಡ್ಡಣ್ಣ.

ಹೆಂಡತಿ ಅವನ ಮುಂದಿನ ಲೋಟ ತೆಗೆದಳು. "ಹುಡುಗ ನಿಮ್ಮನ್ನ ಕಾಪಾಡ್ತಿದಾನೆ. ಇಷ್ಟು ದಿನ ನಾನೂ ಅದನ್ನೇ ಮಾಡಿದೆ, ಅವನ ನಿದ್ದೆ ಕೆಡಿಸಿ. ಆವತ್ತೂ ಎಬ್ಬಿಸಿದ್ದು ನಾನೇ. 'ಇನ್ನೈದು ನಿಮಿಷ ಅಮ್ಮ' ಅಂದ. ಬಿಡಲಿಲ್ಲ." ಲೋಟವನ್ನು ನಲ್ಲಿಯ ಕೆಳಗಿಟ್ಟಳು, ನಲ್ಲಿ ತಿರುಗಿಸಲಿಲ್ಲ. "ನಂಗೂ ಸುಸ್ತಾಗಿದೆ ರೀ."

ಬ್ರೆಡ್ಡಣ್ಣ ಗೋಡೆಯ ಮೊಳೆಯಿಂದ ವ್ಯಾನಿನ ಕೀಲಿ ತೆಗೆದುಕೊಂಡ.

"ಬೇಕರಿಗೇ ತಾನೆ ಭಾವ?" ಎಂದ ಭಾವಮೈದ. ಬ್ರೆಡ್ಡಣ್ಣ ಚಪ್ಪಲಿ ಮೆಟ್ಟಿ ಹೊರಗೆ ನಡೆದ.

ಮಗನನ್ನು ಕರೆದೊಯ್ದ ಮೇಲೆ ವ್ಯಾನನ್ನು ಯಾರೂ ಮುಟ್ಟಿರಲಿಲ್ಲ. ಬಾಗಿಲು ತೆಗೆದ. ಕೈ ತಾನಾಗಿ ಸೀಟಿನ ಕೆಳಗೆ ಹೋಯಿತು, ಹಿಡಿ ಬೆರಳಿಗೆ ಸಿಕ್ಕಿತು. ಒಮ್ಮೆ ಎತ್ತಿ ತಳ್ಳಿದರೆ ಮುಗಿಯಿತು. ಬೇಕರಿ ತಲುಪುವ ಹೊತ್ತಿಗೆ ಅದು ಮತ್ತೆ ಬ್ರೆಡ್ಡಣ್ಣನ ಸೀಟು. ಎಷ್ಟೋ ಹೊತ್ತು ಹಾಗೇ ಬಾಗಿ ನಿಂತಿದ್ದ. ಬೆನ್ನು ನೋಯತೊಡಗಿತು.

ಆಮೇಲೆ ಹಿಡಿ ಬಿಟ್ಟು, ಇದ್ದ ಜಾಗದಲ್ಲೇ ತೂರಿಕೊಂಡ. ಹೊಟ್ಟೆ ಸ್ಟೇರಿಂಗಿಗೆ ಒತ್ತಿತು. ಮೊಣಕಾಲು ಎರಡೂ ಪಕ್ಕದಲ್ಲಿ ಮೇಲೆದ್ದವು. ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣಲಿಲ್ಲ, ತನ್ನದೇ ಗಂಟಲು ಕಂಡಿತು. ಅದನ್ನೂ ತಿರುಗಿಸಲಿಲ್ಲ. ನಡೆಯುವವರಿಗಿಂತ ನಿಧಾನವಾಗಿ ಹೊರಟ.

"ಏನ್ ಬ್ರೆಡ್ಡಣ್ಣ, ಮಕ್ಕಳ ಸೈಕಲ್ ತುಳಿದಂಗಿದೆ," ಎಂದು ಚಹಾದಂಗಡಿಯಿಂದ ಯಾರೋ ಕೂಗಿದರು. ಅವನು ಬೇಕರಿಯ ತಿರುವು ದಾಟಿ ಪೊಲೀಸ್ ಸ್ಟೇಷನ್ನಿನ ಮುಂದೆ ನಿಲ್ಲಿಸಿ, ಹಾರ್ನ್ ಒತ್ತಿದ.

ಇನ್‌ಸ್ಪೆಕ್ಟರ್ ಮೇಡಂ ಮುಖ ಗಂಟಿಕ್ಕಿಕೊಂಡೇ ಹೊರಗೆ ಬಂದರು. ಹಿಂದೆ ಒಬ್ಬ ಪೇದೆ.

"ಏನ್ರೀ ಇದು? ಹೀಗೆ ಕೂತು ಓಡಿಸ್ತೀರಾ ನೀವು?"

"ಇಲ್ಲ ಮೇಡಂ. ಇದು ನನ್ನ ಮಗ ಕೂರೋ ರೀತಿ. ಅವನು ಬಿಟ್ಟು ಹೋದಂಗೇ ಇದೆ. ಆವತ್ತು ಕೊಲೆಯಾದ ಹೊತ್ತಲ್ಲಿ ಇದನ್ನ ಓಡಿಸ್ತಿದ್ದೋನು ಅವನು. ಹಾಲಿನ ಅಂಗಡಿಯಮ್ಮ ಅವನ ಕೈಯಿಂದಲೇ ಬ್ರೆಡ್ಡು ತಗೊಳ್ತಾರೆ. ಅವರನ್ನ ಯಾರೂ ಕೇಳೇ ಇಲ್ಲ, ನಾನು ಸುಳ್ಳು ಹೇಳಿದ್ದಕ್ಕೆ."

"ನೀವೆಲ್ಲಿದ್ರಿ?"

ಉಸಿರೆಳೆದುಕೊಳ್ಳಲು ಸ್ಟೇರಿಂಗ್ ಜಾಗ ಕೊಡಲಿಲ್ಲ.

"ಕುಡಿದು ಮಲಗಿದ್ದೆ. ಆವತ್ತೊಂದಿನ ಅಲ್ಲ. ದಿನಾ."

ಮೇಡಂ ಬಾಗಿ ಪೆಡಲ್ ನೋಡಿದರು, ಮೊಣಕಾಲು ನೋಡಿದರು, ಕನ್ನಡಿ ನೋಡಿದರು. "ಇದರಿಂದ ನಿಮ್ಮ ಮೇಲೆ ಏನೇನು ಬರುತ್ತೆ ಗೊತ್ತಾ?"

"ಗೊತ್ತು ಮೇಡಂ. ಭಾವಮೈದ ಎಲ್ಲಾ ಹೇಳಿದಾನೆ."

"ಸರಿ, ಇಳೀರಿ. ಒಳಗೆ ಬಂದು ಹೇಳಿಕೆ ಕೊಡಿ."

ಇಳಿಯಲು ನೋಡಿದ, ಆಗಲಿಲ್ಲ. ಸಿಕ್ಕಿಕೊಂಡಿದ್ದ. ಪೇದೆ ನಗು ತಡೆದು ಒಳಗೆ ಬಗ್ಗಿ, ಸೀಟಿನ ಕೆಳಗೆ ಕೈಹಾಕಿದ. "ತಡೀರಿ, ಇದನ್ನ ಸ್ವಲ್ಪ ಹಿಂದೆ ತಳ್ತೀನಿ."

ಬ್ರೆಡ್ಡಣ್ಣ ಅವನ ಕೈ ಹಿಡಿದುಕೊಂಡ.

"ಮುಟ್ಟಬೇಡಿ ಸಾರ್. ಮೊದಲು ಫೋಟೊ ತೆಗೀರಿ. ಅಲ್ಲೀವರೆಗೂ ನಾನು ಹೀಗೇ ಕೂತಿರ್ತೀನಿ."