ಖಂಡೇಪೂಜೆಯ ಪಿಸ್ತೂಲು

ಮನಗೂಳಿ ಕಡೆಯ ಧರೆಪ್ಪಗೌಡರು ಬಸ್ಸು ಹತ್ತಿದರೆ ಮೂರು ಮಂದಿ ಕೂರುವ ಸೀಟು ತಾನಾಗಿಯೇ ಖಾಲಿಯಾಗುತ್ತಿತ್ತು. ಗೌಡಕಿಗೆ ಅಂಜಿ ಅಲ್ಲ, ಅದು ಎಂದೋ ಹೋಗಿದೆ. ಸೊಂಟದ ಚರ್ಮದ ಚೀಲದಲ್ಲಿ ಅಜ್ಜನ ಕಾಲದ ಪಿಸ್ತೂಲಿತ್ತು. ಅದನ್ನು ತೆಗೆದಿಟ್ಟರೆ ಗೌಡರು ಮಂಡಿನೋವಿನ, ಐವತ್ತೆಂಟು ವರ್ಷದ ಒಬ್ಬ ಮನುಷ್ಯ ಅಷ್ಟೇ. ಇದು ಅವರಿಗೂ ಗೊತ್ತಿತ್ತು. ಅದಕ್ಕೇ ತೆಗೆದಿಡುತ್ತಿರಲಿಲ್ಲ.

ಈ ಸಲ ಲೈಸೆನ್ಸ್ ನವೀಕರಣಕ್ಕೆ ವಿಜಯಪುರಕ್ಕೆ ಹೋದಾಗ ಅಲ್ಲಿನ ಪೊಲೀಸ್ ಸಾಹೇಬರು ಹೊಸ ಕೊಕ್ಕೆ ಹಾಕಿದರು.

"ಭಾಳ ಹಳೇ ಹತ್ಯಾರ ಐತಿ. ಮಹಾನವಮಿ ಸೂಟಿ ಮುಗದ ಮರುದಿನ ನಮ್ಮ ಮುಂದ ಐದು ಗುಂಡು ಸರಾಗ ಹಾರಿಸಿ ತೋರಸ್ರಿ. ಇಲ್ಲಾಂದ್ರ ಒಪ್ಪಿಸಿ ಹೋಗ್ರಿ."

ಮೂರು ತಲೆಮಾರಿನಿಂದ ಆ ಪಿಸ್ತೂಲನ್ನು ತೋರಿಸಿದವರಿದ್ದರೇ ಹೊರತು ಹಾರಿಸಿದವರಿರಲಿಲ್ಲ. ಗೌಡರು ನೇರವಾಗಿ ಇಂಡಿಗೆ ಹೋದರು. ಬಂದೂಕು ರಿಪೇರಿಯ ಪರವಾನಗಿ ಇದ್ದ ಮುದುಕ ಮೋದಿನಸಾಬ ಅಲ್ಲಿದ್ದ.

ಮೋದಿನಸಾಬ ಮದ್ದಿಲ್ಲದ ಖೊಟ್ಟಿ ಗುಂಡು ತುಂಬಿ ಪರೀಕ್ಷಿಸಿದ. "ಗೌಡ್ರ, ಮೊದಲನೇ ಗುಂಡು ಏರ್ತೈತಿ. ಎರಡನೇದು ಮೂಗು ಮ್ಯಾಲ ಮಾಡಿ ನಿಂದರ್ತೈತಿ."

"ನಮ್ಮ ಮನಿತನದ್ದು. ಮೂಗು ಮ್ಯಾಲನ ಇರಬೇಕು" ಎಂದರು ಗೌಡರು.

ಮೋದಿನಸಾಬ ನಗಲಿಲ್ಲ. ಕೈಯಿಂದ ಒಂದೊಂದೇ ಗುಂಡು ನೇರ ನಳಿಗೆಗೆ ಇಟ್ಟು ನೋಡಿದ. ಪಿಸ್ತೂಲು ತಕರಾರಿಲ್ಲದೆ ನುಂಗಿತು. ಹಾಗಾದರೆ ದೋಷ ಗುಂಡು ತುಂಬುವ ಮ್ಯಾಗಜೀನಿನಲ್ಲೇ ಎಂದು ಅದರ ತಳ ಬಿಚ್ಚಿದ. ಸ್ಪ್ರಿಂಗು ಹೊರಗೆ ಬರಲೊಲ್ಲದು. ಕಡ್ಡಿ ಹಾಕಿ ಕೆದಕಿದಾಗ ಎಣ್ಣೆಯಲ್ಲಿ ಗಟ್ಟಿಯಾದ ಕುಂಕುಮದ ಹೆಂಟೆ ಬಿತ್ತು. ಅದರ ಬೆನ್ನಿಗೇ ಅಕ್ಷತೆ, ಕರ್ಪೂರದ ಮಸಿ, ಒಂದು ಒಣ ಬನ್ನಿ ಎಲೆ.

"ಇದಕ್ಕ ಊಟ ಯಾರು ಮಾಡಸ್ಯಾರ್ರಿ?"

"ನಮ್ಮವ್ವ," ಗೌಡರ ದನಿ ಇಳಿಯಿತು. "ವರ್ಷಾ ಮಹಾನವಮಿಗೆ ಹತ್ಯಾರಕ್ಕ ಖಂಡೇಪೂಜಿ ಮಾಡ್ತಾಳ. ಕಾಯಿ ಒಡದು ನೀರೂ ಬಿಡ್ತಾಳ."

ಮೋದಿನಸಾಬ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದ, ಹೊಸ ಸ್ಪ್ರಿಂಗು ಕೂರಿಸಿದ. ಐದು ಗುಂಡೂ ಸರಸರ ಏರಿದವು. ಕೊಡುವಾಗ ಕೈ ಮುಗಿದ. "ಪೂಜಿ ಬ್ಯಾಡ ಅನ್ನೂದಿಲ್ರಿ. ಇದಕ್ಕಷ್ಟ ಮುಟ್ಟಸಬ್ಯಾಡ್ರಿ."

ಆದರೆ ಮಹಾನವಮಿ ಬಂದೇ ಬಂತು. ಗೌಡರ ಅವ್ವ, ಎಂಬತ್ತರ ತಿಪ್ಪವ್ವ, ಆರತಿ ತಟ್ಟೆ ಹಿಡಿದು ಕೂತಳು.

"ಪೂಜಿ ಇಲ್ದ ಹತ್ಯಾರ ಹೊಸ್ತಿಲಾ ದಾಟಬಾರದು. ನಾ ಸತ್ತಮ್ಯಾಗ ಮಾಡು ನಿನ್ನ ಶಾಣ್ಯಾತನ!"

ಅವ್ವನ ಮಾತು ಮೀರುವ ಧೈರ್ಯ ಗೌಡರಿಗೆ ಪಿಸ್ತೂಲಿದ್ದರೂ ಇರಲಿಲ್ಲ. ಹಾಗಂತ ಕೊಡುವಂತೆಯೂ ಇಲ್ಲ. ಜನ್ಮದಲ್ಲಿ ಮೊದಲ ಸಲ ತಲೆ ಓಡಿಸಿದರು. ಪಿಸ್ತೂಲನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿ, ಲೈಸೆನ್ಸ್ ಪುಸ್ತಕವನ್ನು ಮಣೆಯ ಮೇಲಿಟ್ಟರು.

"ಇದಕ್ಕ ಮಾಡವ್ವಾ. ಇದು ಇದ್ರನ ಅದು."

ತಿಪ್ಪವ್ವನಿಗೆ ಮಾತು ಒಪ್ಪಿಗೆಯಾಯಿತು. ಅರ್ಧಂಬರ್ಧ ಪೂಜೆ ಅವಳ ಜಾಯಮಾನವಲ್ಲ.

ಸೂಟಿ ಮುಗಿದ ಮರುದಿನ ವಿಜಯಪುರದಲ್ಲಿ ಐದಕ್ಕೆ ಐದು ಗುಂಡು ಹಾರಿದವು. ಜೊತೆಗೆ ಬಂದಿದ್ದ ಮೋದಿನಸಾಬನ ಕಣ್ಣಲ್ಲಿ ನೀರಾಡಿತು. ಸಾಹೇಬರೂ "ಭೇಷ್!" ಎಂದು ಸಿಕ್ಕಾ ಒತ್ತಲು ಪುಸ್ತಕ ಕೇಳಿದರು.

ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಎಳೆದು ಬಿಡಿಸಿದರೆ ಕಾಯಿನೀರಿಗೆ ನಂಬರು ಕರಗಿಹೋಗಿತ್ತು. ಫೋಟೋ ಇದ್ದ ಕಡೆ ಬರೀ ಕೆಂಪು.

"ಇದು ಯಾರ್ರಿ?"

"ನಾನ್ರಿ."

"ಹಣಮಪ್ಪ ದೇವ್ರು ಇದ್ದಾಂಗ ಐತಲ್ರಿ!" ಸಾಹೇಬರು ಪುಸ್ತಕ ಮುಚ್ಚಿ ಬೆರಳು ಒರೆಸಿಕೊಂಡರು. "ಹತ್ಯಾರ ಪಾಸಾತು, ಕಾಗದ ನಪಾಸು. ಹೊಸಾ ಪುಸ್ತಕ ಬರೂತನಕ ಪಿಸ್ತೂಲು ಇಲ್ಲೇ ಇರಲಿ."

ಮೋದಿನಸಾಬ ಇಂಡಿಯ ಬಸ್ಸು ಹಿಡಿದ. ಗೌಡರು ಮನಗೂಳಿ ಬಸ್ಸು ಹತ್ತುವ ಮುಂಚೆ ಪಿಸ್ತೂಲಿನ ಠೇವಣಿ ರಸೀದಿಯನ್ನೂ ಕರವಸ್ತ್ರವನ್ನೂ ಸುತ್ತಿ ಚರ್ಮದ ಚೀಲಕ್ಕೆ ತುರುಕಿದರು. ಚೀಲ ಮತ್ತೆ ಉಬ್ಬಿತು. ಮೂರು ಮಂದಿಯ ಸೀಟಿನಲ್ಲಿ ಕಾಲು ಚಾಚಿ ಕೂತರು.

ಜೋಡುಗುಮ್ಮಟದಂಥ ಎರಡು ಗಂಟು ಹೊತ್ತ ಹೆಂಗಸೊಬ್ಬಳು ಹತ್ತಿ, ಅವರನ್ನೂ ಅವರ ಸೊಂಟವನ್ನೂ ನೋಡಿದಳು. ಗೌಡರು ಎದೆ ಸೆಟೆಸಿದರು.

"ಕಾಕಾ," ಎಂದಳು ಆಕೆ, "ಆ ಬುತ್ತಿ ಬಿಚ್ಚಿ ತೊಡಿಮ್ಯಾಲ ಇಟಗೊಂಡು ಒಂದೀಟು ಆಕಡಿ ಸರೀರಿ."

ಗೌಡರು ಬುತ್ತಿ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡು ಸರಿದರು.