ಓದಿ ಹೇಳುವವರು ಯಾರು?

ಆ ಆಫೀಸಿನಲ್ಲಿ ಅವಳಿಗೆ ಹದ್ದಿನ ಕಿವಿ ಎಂದು ಹೆಸರು. ಹದ್ದಿಗೆ ಹೆಸರು ಬಂದಿರುವುದು ಕಣ್ಣಿನಿಂದಲ್ಲವೇ ಎಂದು ಕೇಳಬೇಡಿ. ಹೆಸರಿಟ್ಟವನು ಎದುರು ಮೇಜಿನವನು, ಎಲ್ಲರ ಬಾಯಲ್ಲಿ ಡಂಗೂರ, ಅವನ ಬಾಯಿಗೆ ಲಗಾಮು ಹಾಕಿದವರು ಇನ್ನೂ ಹುಟ್ಟಿಲ್ಲ. ಬೆಳಿಗ್ಗೆ ಅವನ ಕಿವಿಗೆ ಬಿದ್ದದ್ದು ಚಹಾದ ಹೊತ್ತಿಗೆ ಮೂರೂ ಮಹಡಿಗೆ ಗೊತ್ತಾಗಿರುತ್ತಿತ್ತು.

ನಗರದಲ್ಲಿ, ಅದರ ಸುತ್ತಲ ಬಡಾವಣೆಗಳಲ್ಲಿ, ದೊಡ್ಡವರಿಗೆ ಎಷ್ಟರಮಟ್ಟಿಗೆ ಓದಲು ಬರುತ್ತದೆ, ಬಾರದವರು ಹೇಗೆ ದಿನ ದೂಡುತ್ತಾರೆ ಎಂದು ಅಳೆಯುವ ಸಮೀಕ್ಷೆ ಅವರದು. ಹುಡುಗಿಯರು ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ, ಉತ್ತರವನ್ನು ಟ್ಯಾಬ್‌ನಲ್ಲಿ ಗುರುತು ಹಾಕಿ, ಆಡಿದ ಮಾತನ್ನೆಲ್ಲ ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದರು. ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳುವುದು ಇವಳ ಕೆಲಸ. ಹೇಳಿದ್ದು ಒಂದು, ಗುರುತು ಹಾಕಿದ್ದು ಇನ್ನೊಂದು ಆಗಿದ್ದರೆ ಹಿಡಿದು ತಿದ್ದಬೇಕು. ಹಿಡಿಯುವುದರಲ್ಲಿ ಅವಳು ಎತ್ತಿದ ಕೈ. ಯಾವಳೋ ಹುಡುಗಿ ಪಾಪ ಎನಿಸಿ ಅಜ್ಜನೊಬ್ಬನ ತಪ್ಪನ್ನು ಸರಿ ಎಂದು ಹಾಕಿದ್ದರೆ, ಫೋನು ಮಾಡಿ ನೀರಿಳಿಸಿಬಿಡುತ್ತಿದ್ದಳು. ನಾವಿಲ್ಲಿ ಪುಣ್ಯ ಕಟ್ಟಿಕೊಳ್ಳೋಕೆ ಕೂತಿಲ್ಲ ಎನ್ನುವುದು ಅವಳ ಮಾಮೂಲಿ ಮಾತು.

ದಿನವೆಲ್ಲ ಕಂಡವರ ತಡವರಿಕೆ ಕೇಳುತ್ತ ಕೂತರೆ ಮನುಷ್ಯರಿಗೆ ಬೇಜಾರಾಗುತ್ತದೆ, ಒಪ್ಪೋಣ. ಆದರೆ ಇವರು ಬೇಜಾರು ಕಳೆಯುತ್ತಿದ್ದ ರೀತಿ ಮಾತ್ರ ಒಪ್ಪುವಂಥದ್ದಲ್ಲ. ಓದುವ ಚೀಟಿ ಕೈಗೆ ಕೊಟ್ಟ ತಕ್ಷಣ ಎಷ್ಟೋ ಜನ ಕನ್ನಡಕ ಸಿಕ್ತಿಲ್ಲ ಎಂದುಬಿಡುತ್ತಿದ್ದರು. ಅಂಥವರಿಗೆ ಕನ್ನಡಕ ಪಾರ್ಟಿ ಎಂದು ಹೆಸರು. ಒಳ್ಳೇ ಪಾರ್ಟಿ ಸಿಕ್ಕರೆ ಡಂಗೂರ ಅದನ್ನು ಸ್ಪೀಕರಿಗೆ ಹಾಕುತ್ತಿದ್ದ, ಸುತ್ತಲವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಹೆಸರು ಕಟ್ಟಿದವಳು ಇವಳೇ.

ಅವಳ ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆದು ಮಗಳನ್ನು ಓದಿಸಿದವಳು. ಅಮ್ಮನಿಗೆ ಒಂದಕ್ಷರ ಬಾರದು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಚಹಾ ಕುಡಿಯುತ್ತ ಎಲ್ಲರೂ ತಂತಮ್ಮ ಅಪ್ಪ ಅಮ್ಮಂದಿರ ಕೆಲಸ ಹೇಳಿಕೊಳ್ಳುತ್ತಿದ್ದಾಗ, ಇವಳ ಬಾಯಿಂದ ನಮ್ಮಮ್ಮ ಟೀಚರ್ ಆಗಿದ್ದರು ಎಂಬ ಮಾತು ಜಾರಿತ್ತು. ಜಾರಿತು ಅನ್ನುವುದೂ ಸುಳ್ಳೇ ಬಿಡಿ. ಬೇಕೆಂದೇ ಹೇಳಿದ್ದಳು.

ಆ ದಿನ ತೆರೆದ ಕಡತದಲ್ಲಿ ಎಂದಿನಂತೆ ಹೆಸರಿಲ್ಲ, ವಿಳಾಸವಿಲ್ಲ. ಹೆಂಗಸು, ಅರವತ್ತು ದಾಟಿದವರು, ಶಾಲೆಗೆ ಹೋಗಿಲ್ಲ ಎಂದಷ್ಟೇ ಇತ್ತು. ಬಾಗಿಲು ತೆರೆದ ಸದ್ದು ಕೇಳಿಸಿತು. ಆಮೇಲೆ ಒಂದು ದನಿ: “ಆ ಕುರ್ಚಿ ಬೇಡಮ್ಮ, ಅದರ ಕಾಲು ಅಲ್ಲಾಡುತ್ತೆ. ಇಲ್ಲಿ ಮಂಚದ ಮೇಲೆ ಕೂತ್ಕೊ.”

ಅದು ಅಮ್ಮನ ದನಿ. ಆ ಕುರ್ಚಿಯ ಕಾಲು ಸರಿಮಾಡಿಸುತ್ತೇನೆ ಎಂದು ಅವಳೇ ಅಮ್ಮನಿಗೆ ಹೇಳುತ್ತ ಬಂದಿದ್ದಳು, ಹೇಳುತ್ತಲೇ ಇದ್ದಳು.

ಗುರುತಿನವರ ದನಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ ಮೇಲ್ವಿಚಾರಕಿಗೆ ಹೇಳಬೇಕು, ಕಡತ ಬೇರೆಯವರಿಗೆ ಹೋಗುತ್ತದೆ. ನಿಯಮ ಅವಳಿಗೆ ಬಾಯಿಪಾಠ. ಆದರೆ ಹೇಳಿದರೆ ಟೀಚರಮ್ಮನ ಕಥೆ ಬಯಲಾಗುತ್ತಿತ್ತು. ಸುಮ್ಮನೆ ಮುಗಿಸಿ ಕಳಿಸಿಬಿಟ್ಟರೆ ಯಾರಿಗೂ ತಿಳಿಯದು. ಅವಳು ಸುಮ್ಮನೆ ಕೇಳುತ್ತ ಕೂತಳು.

ಹುಡುಗಿ ಔಷಧಿ ಡಬ್ಬಿಯ ಚಿತ್ರವಿದ್ದ ಕಾಗದ ಕೊಟ್ಟು, ದಿನಕ್ಕೆ ಎಷ್ಟು ಮಾತ್ರೆ ತಗೋಬೇಕು ಅಂತ ಇದೆ ನೋಡಿ ಹೇಳಿ ಎಂದಳು. ಫ್ಯಾನು ತಿರುಗುತ್ತಿತ್ತು. ಅಮ್ಮ ಮೆಲ್ಲಗೆ ಹೇಳಿದಳು: “ಕನ್ನಡಕ ಒಳಗೆಲ್ಲೋ ಇಟ್ಟಿದೀನಿ ಕಣಮ್ಮ.”

ಅಮ್ಮನಿಗೆ ಕನ್ನಡಕವೇ ಇಲ್ಲ. ಇವತ್ತಿಗೂ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುವ ಕಣ್ಣು ಅವಳದು.

ಇವಳ ಮುಖ ನೋಡಿ ಡಂಗೂರನಿಗೆ ವಾಸನೆ ಬಡಿಯಿತು. ಪಾರ್ಟಿ ಸಿಕ್ತಾ, ಸ್ಪೀಕರಿಗೆ ಹಾಕೇ ಎಂದ. ಇವಳು ಏನೂ ಇಲ್ಲ ಎಂದು ತಲೆಯಾಡಿಸಿ ನಕ್ಕಳು. ಹೌದು, ನಕ್ಕಳು. ನೆಲ ಬಾಯಿಬಿಟ್ಟು ನುಂಗಬಾರದೇ ಎಂದು ಆ ಕ್ಷಣದಲ್ಲೇ ಅನಿಸಿತು ನಿಜ, ಆದರೂ ನಕ್ಕಳು.

ಹುಡುಗಿ ಒಳ್ಳೆಯವಳು. ಬಲವಂತ ಮಾಡದೆ ಚೀಟಿ ಮಡಚಿಟ್ಟು ಮನೆಯ ಮಾತಿಗೆ ಬಂದಳು. ಆಗ ಅಮ್ಮನ ದನಿಗೆ ಜೀವ ಬಂತು. ಇರುವುದು ತಾನೂ ಮಗಳೂ, ಮಗಳು ದೊಡ್ಡ ಆಫೀಸಿನಲ್ಲಿದ್ದಾಳೆ, ಬೇರೆಯವರು ಮಾಡಿದ ತಪ್ಪನ್ನು ಹುಡುಕಿ ತಿದ್ದುವ ಕೆಲಸ, ಅವಳಿಲ್ಲದಿದ್ದರೆ ಅಲ್ಲಿ ಒಂದು ಕಾಗದವೂ ಮುಂದಕ್ಕೆ ಹೋಗುವುದಿಲ್ಲವಂತೆ ಎಂದೆಲ್ಲ ಹೇಳಿದಳು. ಹುಡುಗಿ ಹೂಂ ಹೂಂ ಎನ್ನುತ್ತ ಎಲ್ಲ ಕೇಳಿಸಿಕೊಂಡು, ಮುಂದಿನ ಪ್ರಶ್ನೆ ಓದಿದಳು. ಬಿಲ್ಲು, ಔಷಧಿ, ಬ್ಯಾಂಕಿನ ಕಾಗದ, ಇವನ್ನು ನಿಮಗೆ ಓದಿ ಹೇಳುವವರು ಯಾರು?

“ಔಷಧಿ ಆದ್ರೆ ಮೆಡಿಕಲ್ ಶಾಪಿನೋರು. ಮಿಕ್ಕಿದ್ದಕ್ಕೆ ಕೆಳಗಡೆ ಇಸ್ತ್ರಿ ಅಂಗಡಿಯೋರು.”

“ಮಗಳಿದಾರಲ್ಲ ಅಮ್ಮಾ, ಅವರು?”

“ಪಾಪ, ಸುಸ್ತಾಗಿ ಬರ್ತಾಳೆ. ನನಗೂ ಒಂದೇ ಸಲಕ್ಕೆ ತಲೆಗೆ ಹತ್ತಲ್ಲ, ಕೇಳಿದ್ದನ್ನೇ ಕೇಳ್ತೀನಿ. ಅವಳಿಗೆ ರೇಗುತ್ತೆ.” ಅಮ್ಮ ಒಮ್ಮೆ ಕೆಮ್ಮಿದಳು. “ನೀನು ಅದನ್ನೆಲ್ಲ ಹಾಕ್ಕೋಬೇಡ. ಮಗಳು ಓದಿ ಹೇಳ್ತಾಳೆ ಅಂತಲೇ ಹಾಕ್ಕೊ. ಓದಿದ ಮಗಳು ಮನೇಲಿದ್ದೂ ಅಮ್ಮ ಇಸ್ತ್ರಿ ಅಂಗಡಿಗೆ ಹೋಗ್ತಾಳೆ ಅಂದ್ರೆ ಅವಳ ಮರ್ಯಾದೆ ಏನಾಗಬೇಕು?”

ಪರದೆಯ ಮೇಲೆ ‘ಮನೆಯವರು’ ಎಂಬುದರ ಮುಂದೆ ಗುರುತು ಬಿದ್ದಿತ್ತು.

ಅವಳು ರೆಕಾರ್ಡ್ ನಿಲ್ಲಿಸಿದಳು. ಒಂದು ಸಂಜೆ ಅಮ್ಮ ಕರೆಂಟ್ ಬಿಲ್ಲು ಹಿಡಿದು ಮತ್ತೆ ಮತ್ತೆ ಕೇಳಿದಾಗ, ನಿನಗೆ ಹೇಳೋದೂ ಒಂದೇ ಗೋಡೆಗೆ ಹೇಳೋದೂ ಒಂದೇ ಎಂದು ಸಿಡುಕಿದ್ದು ನೆನಪಾಯಿತು. ಆವತ್ತಿನಿಂದ ಅಮ್ಮ ಏನನ್ನೂ ಕೇಳಿರಲಿಲ್ಲ. ಸದ್ಯ, ಪೀಡೆ ಕಳೀತು ಎಂದುಕೊಂಡಿದ್ದಳು ಇವಳು. ಅಮ್ಮ ಟೀಚರ್ ಎಂದು ಮಗಳು ಇಲ್ಲಿ ಸುಳ್ಳು ಹೇಳಿ ತನ್ನ ಮಾನ ಉಳಿಸಿಕೊಂಡಿದ್ದಳು. ಅಲ್ಲಿ ಅಮ್ಮನೂ ಸುಳ್ಳು ಹೇಳಿ ಉಳಿಸಿದ್ದು ಈ ಮಗಳ ಮಾನವನ್ನೇ. ನಾಚಿಕೆಯಿಂದ ಅವಳ ಕಿವಿ ಸುಟ್ಟುಹೋಗುವಷ್ಟು ಬಿಸಿಯಾಯಿತು. ‘ಸರಿ ಇದೆ’ ಎಂದು ಒತ್ತಿದರೆ ಅಮ್ಮನ ಆಸೆಯೂ ನಡೆಯುತ್ತಿತ್ತು, ಇವಳ ಗುಟ್ಟೂ ಉಳಿಯುತ್ತಿತ್ತು. ಬೆರಳು ಅಲ್ಲಿಯವರೆಗೂ ಹೋಯಿತು. ಒತ್ತಲಾಗಲಿಲ್ಲ.

ಎದ್ದು ಮೇಲ್ವಿಚಾರಕಿಯ ಮೇಜಿನ ಹತ್ತಿರ ಹೋಗಿ, ಇದು ನಮ್ಮಮ್ಮನ ದನಿ, ನಡುವೆ ನಿಲ್ಲಿಸದೆ ಕೇಳಿದ್ದು ನನ್ನದೇ ತಪ್ಪು ಎಂದಳು. ಮೇಲ್ವಿಚಾರಕಿ ಕಡತ ನೋಡಿದರು. ಶಾಲೆಗೆ ಹೋಗಿಲ್ಲ ಎಂದು ಅದರಲ್ಲಿ ಮೊದಲ ಸಾಲಿನಲ್ಲೇ ಇತ್ತು.

“ನಿಮ್ಮ ತಾಯಿ ಟೀಚರ್ ಅಲ್ವಾ?”

“ಅಲ್ಲ ಮೇಡಂ. ಆಸ್ಪತ್ರೇಲಿ ಬಟ್ಟೆ ಒಗೀತಿದ್ರು. ಓದೋಕೆ ಬರಲ್ಲ. ನಾನೇ ಸುಳ್ಳು ಹೇಳಿದ್ದೆ.”

ಕೋಣೆಯಲ್ಲಿ ಕೀಲಿಮಣೆಗಳ ಸದ್ದು ನಿಂತಿತು. ಮೇಡಂ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಿಯಮದ ಪ್ರಕಾರ ಇನ್ನೊಬ್ಬರು ಮೊದಲಿನಿಂದ ಕೇಳಬೇಕು ಎಂದಷ್ಟೇ ಹೇಳಿ, ಯಾರ ಕೈ ಖಾಲಿಯಿದೆ ಎಂದು ಸುತ್ತ ನೋಡಿದರು. ಖಾಲಿಯಿದ್ದವನು ಡಂಗೂರ.

ಅವನು ಹೆಡ್‌ಫೋನ್ ಹಾಕಿಕೊಂಡ. ಇವಳು ಎದುರು ಕೂತಳು. ಓಡಿಹೋಗಲು ಜಾಗವಾದರೂ ಎಲ್ಲಿತ್ತು? ಒಂದು ಮಾತಿಗೆ ಅವನ ತುಟಿ ಅಭ್ಯಾಸಬಲದಿಂದ ನಗಲು ಹೊರಟು ಅಲ್ಲೇ ನಿಂತಿತು. ಯಾವ ಮಾತಿಗೆ ಎಂದು ಅವಳಿಗೆ ಗೊತ್ತಿತ್ತು. ಆಮೇಲೆ ಅವನು ತಲೆ ಎತ್ತಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಕಿವಿ ಬಿಡಿಸಿಕೊಂಡು, ಇವಳ ಕಡೆ ನೋಡದೆ, ಪಕ್ಕದವರಿಗೂ ಕೇಳದಷ್ಟು ಸಣ್ಣಗೆ ಮಾತಾಡಿದ.

“ಮನೆಯವರು ಅಂತ ಹಾಕಿದಾರೆ. ಹಾಗೇ ಬಿಟ್ಟುಬಿಡ್ಲಾ?”

“ಬೇಡ. ಅಮ್ಮ ಹೇಳಿದ್ದನ್ನ ಹಾಕು.”

“ಮಗಳು ಅಂತಲೇ ಹಾಕು ಅಂತಾರಲ್ಲೇ ಅವರು.”

“ಇಸ್ತ್ರಿ ಅಂಗಡಿ ಅಂತ ಹಾಕು,” ಎಂದಳು.

ಅವನು ‘ಮನೆಯವರು’ ತೆಗೆದು ‘ಹೊರಗಿನವರು’ ಎಂಬುದಕ್ಕೆ ಗುರುತು ಹಾಕಿ, ಪರದೆಯನ್ನು ಅವಳ ಕಡೆ ತಿರುಗಿಸಿದ. ಅವಳು ಅದನ್ನು ನೋಡುತ್ತ ಕೂತಳು.